ಚಾಮಯ್ಯ ಮೇಷ್ಟ್ರು ಮಾಡಿದ್ದು ಸರಿಯೇ?



ಹಳೆಯ ಸಿನಿಮಾದ ಮಾತೆತ್ತಿದರೆ ಎಲ್ಲರೂ ಹಾಡಿನಿಂದ ಶುರು ಮಾಡುತ್ತಾರೆ. ನಾನು ಜಗಳದಿಂದ ಶುರು ಮಾಡುತ್ತೇನೆ. ನಮ್ಮ ಮೆಟ್ಟುಪಾಳ್ಯಂ, ಸಿರುಮುಗೈ, ಕಾರಮಡೈ ಕಡೆಯ ಕನ್ನಡದ ಮನೆಗಳಲ್ಲಿ ಮದುವೆಗೋ ನಾಮಕರಣಕ್ಕೋ ನಾಲ್ಕು ಜನ ಹಿರಿಯರು ಸೇರಿದ್ದಾರೆ, ಊಟ ಆಗಿದೆ, ಎಲೆಅಡಿಕೆ ತಟ್ಟೆ ಮುಂದೆ ಬಂದಿದೆ ಅಂತಿಟ್ಟುಕೊಳ್ಳಿ. ಆಗ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು ಮಾಡಿದ್ದು ಸರಿಯೋ ತಪ್ಪೋ ಅಂತ ಯಾರಾದರೂ ಒಂದು ಮಾತು ಎತ್ತಿದರೆ ಸಾಕು, ಎರಡು ಪಕ್ಷ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಚಿತ್ರ ಬಂದದ್ದು 1972ರಲ್ಲಿ. ಐವತ್ತು ವರ್ಷ ದಾಟಿದರೂ ಆ ವ್ಯಾಜ್ಯ ಇನ್ನೂ ಇತ್ಯರ್ಥ ಆಗಿಲ್ಲ. 1970ರ ದಶಕದ ಕನ್ನಡ ಚಿತ್ರಗಳು ಯಾಕೆ ಇನ್ನೂ ಉಳಿದಿವೆ ಅಂತ ನನ್ನನ್ನು ಕೇಳಿದರೆ ನಾನು ಮೊದಲು ತೋರಿಸುವುದು ಈ ವ್ಯಾಜ್ಯವನ್ನೇ.

ಮೆಟ್ಟುಪಾಳ್ಯಂನಲ್ಲಿ ಕೂತು ಕನ್ನಡ ಸಿನಿಮಾದ ಮಾತಾಡುವ ಈತ ಯಾರಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಹೊರಗಿನವರಿಗೆ ನಮ್ಮೂರು ಅಂದರೆ ಊಟಿಯ ಪುಟಾಣಿ ರೈಲು ಹೊರಡುವ ಸ್ಟೇಷನ್ನು, ಭವಾನಿ ಹೊಳೆ, ಆಲೂಗಡ್ಡೆ ಮಂಡಿ, ಅಷ್ಟೇ. ಆದರೆ ಇಲ್ಲಿಂದ ಸ್ವಲ್ಪ ದೂರದ ಸಿರುಮುಗೈಗೆ ಹೋಗಿ ಮಗ್ಗದ ಮನೆಯ ಬಾಗಿಲಲ್ಲಿ ನಿಂತು ಕೇಳಿ. ಲಾಳಿ ಓಡುವ ಸದ್ದಿನ ನಡುವೆ ದೇವಾಂಗದವರ ಕನ್ನಡ ಕಿವಿಗೆ ಬೀಳುತ್ತದೆ. ಹೊಲದ ಕಡೆ ಹೋದರೆ ಒಕ್ಕಲಿಗರ ಕನ್ನಡ. ಮಂಡಿಯಲ್ಲಿ ಕೋಲಾರದಿಂದ ಆಲೂಗಡ್ಡೆ ತಂದ ಲಾರಿಯವರ ಕನ್ನಡ. ಬೆಟ್ಟ ಹತ್ತಿದರೆ ಕನ್ನಡದ ನೆಂಟಸ್ತಿಕೆಯ ಬಡಗರ ಮಾತು. ಮನೆಯಲ್ಲಿ ಕನ್ನಡ ಆಡುತ್ತೇವೆ, ಶಾಲೆಯಲ್ಲಿ ತಮಿಳು ಓದುತ್ತೇವೆ. ಹಾಗಾಗಿ ನನ್ನ ತಲೆಮಾರಿನ ಬಹಳ ಮಂದಿಗೆ ಕನ್ನಡ ಅಕ್ಷರವೇ ಬರುತ್ತಿರಲಿಲ್ಲ. ನಾನೂ ದೊಡ್ಡವನಾದ ಮೇಲೆ ಕಲಿತವನು. ತ್ರಿವೇಣಿ, ತ.ರಾ.ಸು., ಗೊರೂರು, ಭಾರತೀಸುತ ಇವರೆಲ್ಲ ನಮಗೆ ಮೊದಲು ಪರಿಚಯವಾದದ್ದು ಪುಸ್ತಕದಲ್ಲಿ ಅಲ್ಲ, ಪರದೆಯ ಮೇಲೆ. ನಮ್ಮ ಮನೆಯವರಿಗೆ ಸಿನಿಮಾವೇ ಕಾದಂಬರಿ.

ಇನ್ನೊಂದು ಹಕ್ಕಿನ ಮಾತೂ ಇದೆ. ರಾಜಕುಮಾರ್ ಅವರ ಗಾಜನೂರು ಇರುವುದು ತಾಳವಾಡಿ ಸೀಮೆಯಲ್ಲಿ. ಈಗ ಅದು ಈರೋಡ್ ಜಿಲ್ಲೆ. ಆದರೆ ಈರೋಡ್ ಜಿಲ್ಲೆ ಆದದ್ದೇ 1979ರಲ್ಲಿ. ಅದಕ್ಕೆ ಮುಂಚೆ ಗಾಜನೂರು ಇದ್ದದ್ದು ನಮ್ಮ ಕೊಯಮತ್ತೂರು ಜಿಲ್ಲೆಯಲ್ಲೇ. ಇತ್ತ ಕೊಳ್ಳೇಗಾಲ ಕೂಡ 1956ರ ತನಕ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಅಂದರೆ ‘ಬಂಗಾರದ ಮನುಷ್ಯ’ ಬಿಡುಗಡೆಯಾದ 1972ರಲ್ಲಿ ಅದರ ನಾಯಕನ ಹುಟ್ಟೂರು ನಮ್ಮ ಜಿಲ್ಲೆಯ ಒಂದು ಹಳ್ಳಿ. ಬೆಂಗಳೂರಿನ ನೆಂಟರು “ನಮ್ಮ ರಾಜಣ್ಣ” ಅಂದಾಗ ನಮ್ಮ ದೊಡ್ಡಮ್ಮ ಬಿಡುತ್ತಿರಲಿಲ್ಲ: “ನಿಮ್ಮೋರು ಹೆಂಗಾದ್ರು? ನಮ್ ಜಿಲ್ಲೆಯೋರು ಕಣಪ್ಪ.”

ಇಷ್ಟಾದರೂ ಆ ಚಿತ್ರಗಳು ನಮ್ಮೂರಿನ ಟಾಕೀಸಿಗೆ ಬರುವುದು ಅಪರೂಪವಾಗಿತ್ತು. ಇಲ್ಲಿ ಎಂ.ಜಿ.ಆರ್., ಶಿವಾಜಿ ಅವರದೇ ರಾಜ್ಯ. ದಿಂಬಂ ಘಟ್ಟದ 27 ತಿರುವು ಹತ್ತಿ ಚಾಮರಾಜನಗರದ ನೆಂಟರ ಮನೆಗೆ ಹೋದಾಗ ನೋಡಬೇಕು. ಇಲ್ಲವಾದರೆ ರಾತ್ರಿ ರೇಡಿಯೊ ತಿರುಗಿಸಿ ಬೆಂಗಳೂರನ್ನೋ ಮೈಸೂರನ್ನೋ ಹಿಡಿದು ಹಾಡು ಕೇಳಿಕೊಂಡು, ಕಥೆಯನ್ನು ನಾವೇ ಊಹಿಸಿಕೊಳ್ಳಬೇಕು. ಆಮೇಲೆ ದೂರದರ್ಶನದ ಭಾನುವಾರದ ಪ್ರಾದೇಶಿಕ ಚಿತ್ರಗಳು ಬಂದವು, ವಿಡಿಯೊ ಕ್ಯಾಸೆಟ್ ಬಂತು, 1994ರಲ್ಲಿ ಉದಯ ಟಿ.ವಿ. ಬಂತು. ಹೀಗೆ ಹತ್ತು ಹದಿನೈದು ವರ್ಷ ತಡವಾಗಿ ನೋಡಿದ್ದರಲ್ಲಿ ಒಂದು ಲಾಭ ಆಯಿತು. ಬಿಡುಗಡೆಯ ದಿನದ ಗದ್ದಲ, ಕಟೌಟು, ಪಟಾಕಿ ಯಾವುದೂ ನಮ್ಮ ಕಣ್ಣಿಗೆ ಅಡ್ಡ ಬರಲಿಲ್ಲ. ಉಳಿದದ್ದು ಕಥೆ ಮಾತ್ರ.

ಸರಿ, ಮೇಷ್ಟ್ರ ವಿಷಯಕ್ಕೆ ಬರೋಣ. ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರು ಕಾದಂಬರಿಗಳನ್ನು ಸೇರಿಸಿ ಒಂದು ಚಿತ್ರ ಮಾಡಿದರು. ಹೊಸ ಹುಡುಗ ವಿಷ್ಣುವರ್ಧನ್ ರಾಮಾಚಾರಿಯಾದ. ಕೆ.ಎಸ್. ಅಶ್ವತ್ಥ್ ಚಾಮಯ್ಯ ಮೇಷ್ಟ್ರಾದರು. ಊರೆಲ್ಲ ಪೋಲಿ ಅಂತ ಜರೆಯುವ ಹುಡುಗನನ್ನು ಮಕ್ಕಳಿಲ್ಲದ ಮೇಷ್ಟ್ರೂ ಅವರ ಹೆಂಡತಿ ತುಂಗಮ್ಮನೂ ಮಗನಂತೆ ಕಾಣುತ್ತಾರೆ. ಯಾರ ಮಾತಿಗೂ ಬಗ್ಗದ ಹುಡುಗ ಮೇಷ್ಟ್ರ ಮಾತಿಗೆ ಮಾತ್ರ ಬಗ್ಗುತ್ತಾನೆ. ಆ ಬಲವನ್ನು ಮೇಷ್ಟ್ರು ಯಾತಕ್ಕೆ ಬಳಸುತ್ತಾರೆ ನೋಡಿ. ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಬಿಡು ಅಂತ ಒಪ್ಪಿಸುವುದಕ್ಕೆ. ಹುಡುಗ ಬಿಡುತ್ತಾನೆ. ಅವಳ ಮದುವೆ ಬೇರೆ ಕಡೆ ಆಗುತ್ತದೆ. ಮುಂದೊಂದು ದಿನ ಅವಳು ಎದುರಾಗುತ್ತಾಳೆ, ಕಟ್ಟಿಕೊಂಡ ಗಂಡನೇ ಅವಳನ್ನು ಸೂಳೆಗಾರಿಕೆಗೆ ನೂಕಿರುತ್ತಾನೆ. ಆಮೇಲೆ ಅವನು ಪ್ರೀತಿಸುವ ಮಾರ್ಗರೆಟ್ ವಿಷಯ ಬಂದಾಗ ಮೇಷ್ಟ್ರು ಮತ್ತೆ ಅಡ್ಡ ನಿಲ್ಲುತ್ತಾರೆ. ಕೊನೆಗೆ ಚಿತ್ರದುರ್ಗದ ಬೆಟ್ಟದ ಮೇಲೆ ಮೇಷ್ಟ್ರು, ಶಿಷ್ಯ, ಮಾರ್ಗರೆಟ್ ಮೂವರಲ್ಲಿ ಒಬ್ಬರೂ ಉಳಿಯುವುದಿಲ್ಲ.

ಇಲ್ಲಿ ಖಳನಾಯಕ ಯಾರು? ಅಲಮೇಲುವಿನ ಗಂಡ ಅನ್ನಬಹುದು, ಆದರೆ ಅವನು ಕಥೆಯ ಅಂಚಿನಲ್ಲಿ ಬಂದು ಹೋಗುವವನು. ಅನಾಹುತಕ್ಕೆ ಬೀಜ ಬಿತ್ತಿದವರು ಊರಿನಲ್ಲೇ ಅತ್ಯಂತ ಒಳ್ಳೆಯ ಮನುಷ್ಯರು. ಅಶ್ವತ್ಥ್ ಆ ಪಾತ್ರವನ್ನು ಎಷ್ಟು ಪ್ರೀತಿಯಿಂದ ಮಾಡಿದ್ದಾರೆ ಅಂದರೆ ಮೇಷ್ಟ್ರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲ, ಅವರನ್ನು ಒಪ್ಪುವುದಕ್ಕೂ ಆಗುವುದಿಲ್ಲ. ಕರ್ನಾಟಕದಲ್ಲಿ ಇವತ್ತಿಗೂ ಮೆಚ್ಚಿನ ಗುರುಗಳನ್ನು ಚಾಮಯ್ಯ ಮೇಷ್ಟ್ರು ಅಂತ ಕರೆಯುತ್ತಾರೆ. ಕರೆಯುವವರು ಚಿತ್ರವನ್ನು ಕೊನೆಯ ತನಕ ನೋಡಿದ್ದಾರೋ ಇಲ್ಲವೋ ಅಂತ ನನಗೆ ಆಗಾಗ ಗುಮಾನಿ ಬರುತ್ತದೆ.

ಈ ಎಳೆ ಹಿಡಿದು ಆ ದಶಕದ ದೊಡ್ಡ ಚಿತ್ರಗಳನ್ನು ನೋಡುತ್ತಾ ಹೋದರೆ ಅದೇ ಮತ್ತೆ ಮತ್ತೆ ಸಿಗುತ್ತದೆ. ಕೆಟ್ಟವನನ್ನು ಹೊಡೆದು ಮಲಗಿಸುವ ಸಿನಿಮಾ ಎಲ್ಲ ಕಾಲದಲ್ಲೂ ಇದೆ. ಒಳ್ಳೆಯವನನ್ನು ಕಟಕಟೆಗೆ ತಂದು ನಿಲ್ಲಿಸಿದ್ದು ಆ ಹತ್ತು ವರ್ಷ.

‘ಕಸ್ತೂರಿ ನಿವಾಸ’ ನೋಡಿ. 1971, ದೊರೆ-ಭಗವಾನ್ ನಿರ್ದೇಶನ. ಬೆಂಕಿಪೊಟ್ಟಣದ ಕಾರ್ಖಾನೆಯ ಮಾಲೀಕ ರವಿವರ್ಮ ಕೊಡುವುದನ್ನು ಬಿಟ್ಟು ಬೇರೇನೂ ಅರಿಯದವನು. ತನ್ನ ಕೈಕೆಳಗಿನ ಹುಡುಗನನ್ನು ತಾನೇ ಬೆಳೆಸುತ್ತಾನೆ. ಆ ಹುಡುಗ ಮುಂದೆ ಇವನನ್ನೇ ಮೀರಿಸಿ ಬೆಳೆಯುತ್ತಾನೆ. ಇವನು ಬೀದಿಗೆ ಬರುತ್ತಾನೆ. ಸಹಾಯ ಬೇಕಾದಷ್ಟು ಮಂದಿಯಿಂದ ಬರುತ್ತದೆ, ಆದರೆ ಕೊಟ್ಟು ಅಭ್ಯಾಸವಾದ ಕೈ ತೆಗೆದುಕೊಳ್ಳಲು ಒಪ್ಪುವುದಿಲ್ಲ. ಕೊನೆಯಲ್ಲಿ ಒಬ್ಬರು ತಮ್ಮ ಮಗುವಿಗೋಸ್ಕರ ಅವನ ಮುದ್ದಿನ ಪಾರಿವಾಳವನ್ನು ಕೇಳಿಕೊಂಡು ಬಂದರೆ, ಬಂದವರ ಊಟಕ್ಕಾಗಿ ಆ ಪಾರಿವಾಳವನ್ನೇ ಅವನು ಕಳೆದುಕೊಂಡಿರುತ್ತಾನೆ. 14ನೇ ಶತಮಾನದ ಇಟಲಿಯ ಬೊಕಾಚಿಯೊ ಬರೆದ ಕಥೆಯೊಂದರಲ್ಲಿ ಇದೇ ರೀತಿ ಒಬ್ಬ ಬಡಪಾಯಿ ತನ್ನ ಗಿಡುಗವನ್ನು ಅತಿಥಿಗೆ ಅಡುಗೆ ಮಾಡಿ ಬಡಿಸುತ್ತಾನೆ, ಆ ಅತಿಥಿ ಬಂದಿರುವುದೇ ಗಿಡುಗ ಕೇಳಲಿಕ್ಕೆ. ಕಥೆ ಎಲ್ಲಿಂದಲೇ ಬಂದಿರಲಿ, ಅದು ನಮ್ಮ ಮನೆಯದೇ ಆಗಿಬಿಟ್ಟಿತು.

ನಮ್ಮೂರಿನವರಿಗೆ ಈ ಚಿತ್ರ ಎರಡು ಸಲ ಸಿಕ್ಕಿತು. ಕಥೆ ಬರೆದವರೇ ತಮಿಳಿನ ಜಿ. ಬಾಲಸುಬ್ರಮಣ್ಯಂ. 1975ರಲ್ಲಿ ಅದು ‘ಅವನ್ದಾನ್ ಮನಿದನ್’ ಅಂತ ತಮಿಳಿನಲ್ಲಿ ಬಂತು. ಅದು ಶಿವಾಜಿ ಗಣೇಶನ್ ಅವರ 175ನೇ ಚಿತ್ರ. ನಮ್ಮ ಮನೆಯಲ್ಲಿ ಗಂಡಸರು ಶಿವಾಜಿ ಪಕ್ಷ, ಹೆಂಗಸರು ರಾಜಕುಮಾರ್ ಪಕ್ಷ. ನನ್ನ ತೀರ್ಪು ಹೇಳಬೇಕೆಂದರೆ, ಶಿವಾಜಿ ಸೋತಾಗ ಒಬ್ಬ ಚಕ್ರವರ್ತಿ ಸೋತ ಹಾಗೆ ಕಾಣುತ್ತದೆ. ರಾಜಕುಮಾರ್ ಸೋತಾಗ ಪಕ್ಕದ ಮನೆಯ ಯಜಮಾನ ಸೋತ ಹಾಗೆ ಕಾಣುತ್ತದೆ. ಎರಡನೆಯದು ಹೆಚ್ಚು ದಿನ ಕಾಡುತ್ತದೆ. ಆದರೆ ದೊಡ್ಡಮ್ಮನ ಪ್ರಶ್ನೆಯೇ ಬೇರೆ ಇತ್ತು. “ಎಲ್ಲಾ ದಾನ ಮಾಡ್ದ, ಸರಿ. ಅವನನ್ನೇ ನಂಬ್ಕೊಂಡು ಮನೇಲಿ ಕೆಲಸ ಮಾಡ್ತಿದ್ದೋರ ಗತಿ ಏನು?” ಅಂತ ಕೇಳಿದಳು. ಕಪ್ಪುಬಿಳುಪಿನ ಆ ಚಿತ್ರಕ್ಕೆ ಬಣ್ಣ ಹಾಕಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದರು. ಬಣ್ಣ ಬೇಕಿರಲಿಲ್ಲ ಅಂತ ನನಗನ್ನಿಸಿತು. ಹೊಸಬರು ನೋಡಿದರಲ್ಲ, ಅಷ್ಟಕ್ಕೆ ಸಮಾಧಾನ.

‘ಬಂಗಾರದ ಮನುಷ್ಯ’ದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಟಿ.ಕೆ. ರಾಮರಾವ್ ಕಾದಂಬರಿ, ಎಸ್. ಸಿದ್ದಲಿಂಗಯ್ಯ ನಿರ್ದೇಶನ, ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ 2 ವರ್ಷ ಓಡಿದ್ದು, ಅದನ್ನು ನೋಡಿ ಹುಡುಗರು ಪಟ್ಟಣ ಬಿಟ್ಟು ಹೊಲಕ್ಕೆ ಹೋದರೆಂಬ ಮಾತು, ಇವೆಲ್ಲ ನಿಮಗೆ ಗೊತ್ತು. ಹೆಂಡತಿ ಲಕ್ಷ್ಮಿ ಬಾವಿಗೆ ಬಿದ್ದು ಸಾಯುವ ಪ್ರಸಂಗ ನನಗೆ ಈಗಲೂ ಬಲವಂತದ ತಿರುವು ಅನ್ನಿಸುತ್ತದೆ. ಕಥೆಗಾರನಿಗೆ ಅವಳನ್ನು ಏನು ಮಾಡಬೇಕೋ ತೋಚಲಿಲ್ಲವೇನೋ. ಆದರೆ ಕೊನೆ ಇದೆಯಲ್ಲ, ಅದು ಗಟ್ಟಿ. ಬಂಡೆಯ ನೆಲ ಹಸನು ಮಾಡಿ ಅಕ್ಕನ ಸಂಸಾರ ಎತ್ತಿ ನಿಲ್ಲಿಸಿದ ರಾಜೀವ, ಸತ್ತ ಭಾವನ ಗುಟ್ಟೊಂದನ್ನು ಬಚ್ಚಿಟ್ಟದ್ದಕ್ಕೆ ಅನುಮಾನಕ್ಕೆ ಗುರಿಯಾಗಿ, ಒಂದು ಮಾತನ್ನೂ ಬಿಡಿಸಿ ಹೇಳದೆ ಊರು ಬಿಟ್ಟು ಹೊರಡುತ್ತಾನೆ. ಹೇಳಿಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಒಳ್ಳೆಯತನಕ್ಕೆ ಬಾಯಿ ಇರಬಾರದೇ? ಹೀಗೆ ಕೇಳುತ್ತಾ ಜನ ಟಾಕೀಸಿನಿಂದ ಹೊರಗೆ ಬಂದರು, ಮತ್ತೆ ಟಿಕೆಟ್ ತೆಗೆದುಕೊಂಡು ಒಳಗೆ ಹೋದರು. ಅಂದ ಹಾಗೆ, ನಮ್ಮ ಕಡೆಯ ಹುಡುಗರಿಗೆ ಸಿದ್ದಲಿಂಗಯ್ಯ ಅಂದರೆ ಗೊತ್ತಾಗುವುದಿಲ್ಲ. ‘ಇದಯಂ’ ಚಿತ್ರದ ಮುರಳಿಯ ತಂದೆ, ಅಥರ್ವನ ತಾತ ಅಂದರೆ ತಕ್ಷಣ ಕಿವಿ ನೆಟ್ಟಗಾಗುತ್ತದೆ.

ಅದೇ ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’, 1974, ನನ್ನ ಪಾಲಿಗೆ ಆ ದಶಕದ ಅತಿ ಮುಖ್ಯ ಚಿತ್ರ. ಕಥೆ ಗೊರೂರು ರಾಮಸ್ವಾಮಿ ಅಯ್ಯಂಗಾರರದು. ಇಲ್ಲಿ ಲೆಕ್ಕ ಉಲ್ಟಾ. ಎಂ.ಪಿ. ಶಂಕರ್ ಮಾಡಿದ ಭೂತಯ್ಯ ಊರಿನ ರಕ್ತ ಹೀರಿದ ಲೇವಾದೇವಿಗಾರ. ಅವನು ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರಿನವರು ಬರುವುದಿಲ್ಲ. ಆ ದೃಶ್ಯದಲ್ಲಿ ಮಗ ಅಯ್ಯುವಾಗಿ ಲೋಕೇಶ್ ಮುಖ ನೋಡಿ. ಅಪ್ಪ ಸತ್ತ ದುಃಖಕ್ಕಿಂತ, ತನ್ನ ಅಪ್ಪ ಎಂಥವನಾಗಿದ್ದ ಅನ್ನುವುದು ಊರಿನ ಖಾಲಿ ಬೀದಿಯಿಂದ ಗೊತ್ತಾದ ಗಾಬರಿ ಅಲ್ಲಿ ಕಾಣುತ್ತದೆ. ಆಮೇಲೆ ಅಯ್ಯು ಒಳ್ಳೆಯವನಾಗಲು ಹೊರಡುತ್ತಾನೆ, ಆದರೆ ಊರು ನಂಬಬೇಕಲ್ಲ! ಒಳ್ಳೆಯವರಾಗಿದ್ದ ಊರವರೇ ಜಿದ್ದಿಗೆ ಬಿದ್ದು ಕೋರ್ಟು ಹತ್ತಿ ಮನೆಮಠ ಕಳೆದುಕೊಳ್ಳುತ್ತಾರೆ. ಕೋರ್ಟಿಗೆ ಅಲೆಯುವವರ ಪೈಕಿ ಲೋಕನಾಥ್ ಉಪ್ಪಿನಕಾಯಿ ಸವಿಯುವ ಪ್ರಸಂಗ ಕಂಡು ಬಿದ್ದು ಬಿದ್ದು ನಗುತ್ತೇವೆ. ಆದರೆ ಅದೇ ಜನ ಹೊಲ ಮಾರಿ ವಕೀಲರಿಗೆ ಕಟ್ಟುತ್ತಿದ್ದಾರೆ ಅನ್ನುವುದು ನೆನಪಾದಾಗ ಆ ನಗೆ ಗಂಟಲಲ್ಲೇ ನಿಲ್ಲುತ್ತದೆ. ಪಾಲು ಪಾರೀಕತ್ತಿನ ಮೊಕದ್ದಮೆ ಇಲ್ಲದ ಬೀದಿ ನಮ್ಮ ಕೊಂಗುನಾಡಿನಲ್ಲೂ ಇಲ್ಲ. ಆದ್ದರಿಂದ ಆ ಚಿತ್ರ ಇಲ್ಲಿ ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ.

ಪುಟ್ಟಣ್ಣನವರ ‘ಶರಪಂಜರ’ವನ್ನು, 1971ರದು, ಈ ಸಾಲಿನಿಂದ ಬಿಡುವ ಹಾಗಿಲ್ಲ. ತ್ರಿವೇಣಿಯವರ ಕಾದಂಬರಿ, ಕಲ್ಪನಾ ಅವರ ಕಾವೇರಿ. ಹೆರಿಗೆಯ ನಂತರ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬಂದ ಹೆಂಗಸು. ಕಾಯಿಲೆ ಹೋಯಿತು, ಹೆಸರು ಹೋಗಲಿಲ್ಲ. ಅವಳು ನಕ್ಕರೆ ಅನುಮಾನ, ಸಿಟ್ಟಾದರೆ ಅನುಮಾನ, ಸುಮ್ಮನಿದ್ದರೂ ಅನುಮಾನ. ಮನೆಯಲ್ಲಿ ಯಾರೂ ರಾಕ್ಷಸರಲ್ಲ. ಗಂಡ ಓದಿದವನು, ಮರ್ಯಾದಸ್ಥ. ಅವರೆಲ್ಲ ಸೇರಿ, ದನಿ ಏರಿಸದೆ, ಅವಳನ್ನು ಮತ್ತೆ ಹುಚ್ಚಿಗೆ ತಳ್ಳುತ್ತಾರೆ. ಬಾಣಂತಿಯರ ಮನೋರೋಗದ ಬಗ್ಗೆ ಈಗ ಆಸ್ಪತ್ರೆಗಳಲ್ಲಿ ಗೋಡೆಗೆ ಕಾಗದ ಅಂಟಿಸುತ್ತಾರೆ, ಪತ್ರಿಕೆಗಳಲ್ಲಿ ವೈದ್ಯರು ಬರೆಯುತ್ತಾರೆ. ಕನ್ನಡದ ಅತ್ತೆಯಂದಿರಿಗೂ ಗಂಡಂದಿರಿಗೂ ಅದನ್ನು ಐವತ್ತು ವರ್ಷದ ಕೆಳಗೇ ಮೂರು ಗಂಟೆ ಕೂರಿಸಿ ಹೇಳಿದವರು ಪುಟ್ಟಣ್ಣ.

ಪಂಡಿತರು ಮೆಚ್ಚಿದ ಚಿತ್ರಗಳ ಕಡೆ ತಿರುಗಿದರೂ ಇದೇ ಕಥೆ. ಅನಂತಮೂರ್ತಿಯವರ ಕಾದಂಬರಿಯಿಂದ ಪಟ್ಟಾಭಿರಾಮ ರೆಡ್ಡಿ ಮಾಡಿದ ‘ಸಂಸ್ಕಾರ’ದಲ್ಲಿ ಅಗ್ರಹಾರದ ಅತ್ಯಂತ ಪರಿಶುದ್ಧ ಮನುಷ್ಯನೇ ತನ್ನನ್ನು ತಾನು ಅನುಮಾನಿಸಬೇಕಾಗುತ್ತದೆ. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ದಲ್ಲಿ ವೇದ ಹೇಳಿಕೊಡುವ ತಂದೆಯೇ ಬದುಕಿರುವ ವಿಧವೆ ಮಗಳಿಗೆ ಶ್ರಾದ್ಧ ಮಾಡುತ್ತಾನೆ. ಅದನ್ನು ನೋಡುವ ಕಣ್ಣು ಅವನ ಶಿಷ್ಯ, ಪುಟ್ಟ ಹುಡುಗ ನಾಣಿಯದು. 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’, ಒಂದೇ ದಶಕದಲ್ಲಿ ಕನ್ನಡಕ್ಕೆ 3 ಸ್ವರ್ಣಕಮಲ. ‘ಘಟಶ್ರಾದ್ಧ’ದ ಹಳೆಯ ಪ್ರತಿಯನ್ನು ಈಚೆಗೆ ಜೀರ್ಣೋದ್ಧಾರ ಮಾಡಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಲ್ಲಿನವರು ನಾಣಿಯ ಜೊತೆ ಕತ್ತಲ ಕಾಡಿನಲ್ಲಿ ನಡೆದಾಗ ಅವರಿಗೂ ಭಯವಾಗಿರಬೇಕು.

ನನ್ನ ವಾದಕ್ಕೆ ಒಗ್ಗದ ಒಂದು ಚಿತ್ರವೂ ಇದೆ, ಅದನ್ನು ಮುಚ್ಚಿಡಬಾರದು: 1973ರ ‘ಗಂಧದ ಗುಡಿ’. ಅಲ್ಲಿ ಒಳ್ಳೆಯವನು ಪೂರ್ತಿ ಒಳ್ಳೆಯವನು, ಅನುಮಾನಕ್ಕೆ ಎಡೆಯೇ ಇಲ್ಲ. ಹೊಡೆದಾಟಗಳು ಈಗ ನೋಡಿದರೆ ನಗು ಬರುತ್ತದೆ. ಆದರೂ ಅದು ಉಳಿದಿದೆ, ಕಾಡಿನ ದೆಸೆಯಿಂದ. ಮರ ಕಡಿಯುವವನು ಕಳ್ಳ, ಕಾಯುವವನು ನಾಯಕ ಅಂತ ಅಷ್ಟು ನೇರವಾಗಿ ಅದಕ್ಕೆ ಮೊದಲು ಕನ್ನಡದಲ್ಲಿ ಹೇಳಿರಲಿಲ್ಲ. ನಮ್ಮ ಮೆಟ್ಟುಪಾಳ್ಯಂನಲ್ಲಿ ತಮಿಳುನಾಡಿನ ಅರಣ್ಯ ಕಾಲೇಜು ಇದೆ. ಕಲ್ಲಾರಿನಲ್ಲಿ ಆನೆಗಳ ಹಾದಿ ಇದೆ. ಇಲ್ಲಿ ಫಾರೆಸ್ಟಿನವರ ಕೆಲಸ ಏನು ಅಂತ ಮಕ್ಕಳಿಗೆ ವಿವರಿಸಬೇಕಾಗಿಲ್ಲ, ರಾತ್ರಿ ಪಟಾಕಿ ಸದ್ದು ಕೇಳಿದರೆ ಆನೆ ಇಳಿದಿದೆ ಅಂತ ಅವಕ್ಕೇ ಗೊತ್ತು.

ಇದೆಲ್ಲ ಆ ಹತ್ತು ವರ್ಷದಲ್ಲೇ ಯಾಕೆ ಆಯಿತು? ನನಗೆ ಕಾಣುವ ದೊಡ್ಡ ಕಾರಣ ಕಾದಂಬರಿ. ಕಾದಂಬರಿಕಾರನಿಗೆ ಎರಡೂವರೆ ಗಂಟೆಯ ಅವಸರ ಇರುವುದಿಲ್ಲ. ಒಬ್ಬ ಮನುಷ್ಯನ ಒಳ್ಳೆಯತನದ ಒಳಹೊಕ್ಕು, ಅದರ ಹೊಲಿಗೆ ಎಲ್ಲಿ ಬಿಟ್ಟಿದೆ ಅಂತ ನೋಡುವಷ್ಟು ಪುರುಸೊತ್ತು ಅವನಿಗಿರುತ್ತದೆ. ಆ ಕೆಲಸ ಮುಗಿದ ಮೇಲೆ ಕಥೆ ಸಿನಿಮಾದವರ ಕೈಗೆ ಬಂತು. ಇನ್ನೊಂದು ಕಾರಣ ಎರಡೂ ನಾಡುಗಳ ಕೂಡುಬಾಳು. ಕನ್ನಡ ಚಿತ್ರಗಳ ಹೆಚ್ಚಿನ ಕೆಲಸ ಆಗ ಮದ್ರಾಸಿನಲ್ಲಿ ನಡೆಯುತ್ತಿತ್ತು. ‘ಕಸ್ತೂರಿ ನಿವಾಸ’ಕ್ಕೂ ‘ಬಂಗಾರದ ಮನುಷ್ಯ’ಕ್ಕೂ ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಅವರ ಗರಡಿಯಲ್ಲಿ ಪಳಗಿದವರೇ ಇಳಯರಾಜ. ಪುಟ್ಟಣ್ಣನವರ ಕೈಕೆಳಗೆ ಕೆಲಸ ಕಲಿತವರೇ ಭಾರತಿರಾಜ. 1977ರಲ್ಲಿ ‘16 ವಯದಿನಿಲೇ’ ಬಂದು ತಮಿಳು ಸಿನಿಮಾ ಹಳ್ಳಿಗೆ ಹೊರಟಿತಲ್ಲ, ಆ ದಾರಿಯ ಗುರುತು ಪುಟ್ಟಣ್ಣನ ಹೊರಾಂಗಣ ಚಿತ್ರೀಕರಣದಲ್ಲಿದೆ. ನಮ್ಮ ಕೊಯಮತ್ತೂರಿನ ಪಕ್ಷಿರಾಜ ಸ್ಟುಡಿಯೊದ ಶ್ರೀರಾಮುಲು ನಾಯ್ಡು ಅವರು ಬೆಂಗಳೂರಿಗೆ ಹೋಗಿ ಚಾಮುಂಡೇಶ್ವರಿ ಸ್ಟುಡಿಯೊ ಕಟ್ಟಿದರು ಅನ್ನುವುದನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕೊಟ್ಟದ್ದೂ ಉಂಟು, ಪಡೆದದ್ದೂ ಉಂಟು.

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಅದೇ ದಶಕದಲ್ಲಿ ಬಂದ ಎಷ್ಟೋ ಚಿತ್ರಗಳನ್ನು ಈಗ ಹತ್ತು ನಿಮಿಷ ನೋಡಲಿಕ್ಕಾಗುವುದಿಲ್ಲ. ತುರುಕಿದ ಹಾಸ್ಯ, ಹೆಂಗಸರಿಗೆ ಬುದ್ಧಿ ಹೇಳುವ ಉದ್ದುದ್ದ ಭಾಷಣ, ಕೊನೆಗೆ ಎಲ್ಲರೂ ಸಾಲಾಗಿ ನಿಂತು ಕೈಮುಗಿಯುವುದು. ಅವು ಕಾಣದಂತೆ ಹೋದವು, ಹೋಗಲಿ. ಉಳಿದದ್ದು ಪ್ರೇಕ್ಷಕನಿಗೆ ಒಂದು ತಕರಾರು ಉಳಿಸಿ ಕಳಿಸಿದ ಚಿತ್ರಗಳು ಮಾತ್ರ.

ಕೊನೆಯದಾಗಿ ಒಂದು ಬೇಡಿಕೆ. ನಮ್ಮ ಕಡೆಯ ಮೊಮ್ಮಕ್ಕಳಿಗೆ ಕನ್ನಡ ಅಲ್ಪಸ್ವಲ್ಪ ಅರ್ಥವಾಗುತ್ತದೆ, ಸಂಭಾಷಣೆ ವೇಗವಾದರೆ ತಪ್ಪಿಹೋಗುತ್ತದೆ. ನಾನು ನೋಡಿದ ಪ್ರತಿಗಳಲ್ಲಿ ಇದ್ದರೆ ಇಂಗ್ಲಿಷ್ ಅಡಿಬರಹ ಇರುತ್ತದೆ, ತಮಿಳಿನದು ಕಂಡಿಲ್ಲ. ಈ ಚಿತ್ರಗಳ ಹಕ್ಕು ಯಾರ ಕೈಯಲ್ಲಿದೆಯೋ ಅವರು, ಕನ್ನಡದ ಅಕಾಡೆಮಿ ಪ್ರಾಧಿಕಾರಗಳವರು, ಗಡಿಯಾಚೆ ಇರುವ ನಮ್ಮಂಥವರನ್ನು ನೆನೆದು ಹತ್ತು ಚಿತ್ರಗಳಿಗಾದರೂ ತಮಿಳು ಅಡಿಬರಹ ಹಾಕಿಸಿ ಕೊಡಬೇಕು. ಖರ್ಚಿನ ಕೆಲಸವೇನಲ್ಲ. ಎರಡೂ ಭಾಷೆ ಬಲ್ಲವರು ತಾಳವಾಡಿಯಿಂದ ಕೊಯಮತ್ತೂರಿನ ತನಕ ಬೇಕಾದಷ್ಟು ಜನ ಇದ್ದೇವೆ, ಕರೆದರೆ ಬಂದು ಕೂರುತ್ತೇವೆ. ಮೊದಲು ‘ಭೂತಯ್ಯನ ಮಗ ಅಯ್ಯು’ ಹಾಕಿಸಿ.